ಹಾಳೆ ಕೂಗುವುದಿಲ್ಲ

೧೪ ಜುಲೈ, ಸೋಮವಾರ

ನಮ್ಮ ಕೆರೆ ಉಳಿಸುವ ಬಳಗ ಇನ್ನು ಮೇಲೆ ನೋಂದಾಯಿತ ಸಂಘ! ಮಾದಿಹಳ್ಳಿಯ ಸಭೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಇಷ್ಟು ದಿನ ಬಳಗದ ಹಣ ನನ್ನ ಸ್ವಂತ ಖಾತೆಯಲ್ಲಿತ್ತು. "ನಾಳೆ ನಾನು ಸತ್ತರೆ ಇದು ಯಾರ ದುಡ್ಡು?" ಎಂದು ಮೊದಲು ಗುಡುಗಿದವನೂ ನಾನೇ. ಆದರೂ ಮನಸ್ಸು ಬಿಕೋ ಎನ್ನುತ್ತಿದೆ.

ಐದು ವರ್ಷ ತಿಂಗಳಿಗೊಮ್ಮೆ ಅರಳಿಕಟ್ಟೆ ಹತ್ತಿದ್ದೆ. ನಾಟಕದ ನಡುವೆ ಬಹುಮಾನ ಕೊಟ್ಟವರ ಹೆಸರು ಕೂಗುವ ಹಾಗೆ, ಬಂದದ್ದು, ಖರ್ಚಾದದ್ದು ಎಲ್ಲವನ್ನೂ ಕೂಗುತ್ತಿದ್ದೆ. "ಕೆಂಪಲಕ್ಷ್ಮಮ್ಮನವರಿಂದ ಹತ್ತು ರೂಪಾಯಿ!" ಎಂದಾಗ ಆ ಅಜ್ಜಿ ಸೆರಗು ಸರಿಮಾಡಿಕೊಂಡು ಸುತ್ತಲೂ ನೋಡುತ್ತಿದ್ದಳು.

ಇವತ್ತು ಕಾರ್ಯದರ್ಶಿ ಸುಷ್ಮಿತಾ ಲೆಕ್ಕದ ಹಾಳೆಯನ್ನು ಗೋಡೆಗೆ ಅಂಟಿಸಿದಳು. ಒಂದು ಪೈಸೆಯೂ ತಪ್ಪಿಲ್ಲ. ಓದು ಬಾರದ ಕೆಂಪಲಕ್ಷ್ಮಮ್ಮ ಅದರ ಮುಂದೆ ನಿಂತು ನನ್ನನ್ನು ಕರೆದಳು.

"ಇದ್ರಲ್ಲಿ ನಾನೆಲ್ಲಿವ್ನಪ್ಪಾ?"

ಬೆರಳಿಟ್ಟು ತೋರಿಸಿದೆ.

"ಸರಿ ಬುಡು. ಆದ್ರೆ ಇದು ಕೂಗಕಿಲ್ವಲ್ಲಪ್ಪ."

ನಾಟಕದಲ್ಲಿ ದುರ್ಯೋಧನನಾಗಿ ಮೂರು ಊರಿಗೆ ಕೇಳಿಸಿದ ಕಂಠ ನನ್ನದು. ಆಗಲೇ ಕೂಗಬಹುದಿತ್ತು, ಸುಮ್ಮನೆ ತಲೆಯಾಡಿಸಿ ಮನೆಗೆ ಬಂದೆ. ಈಗ ಕೂಗಬೇಕೆನಿಸುತ್ತಿದೆ, ಆದರೆ ಮನೆಯವರು ಮಲಗಿದ್ದಾರೆ. ಈ ದಿನಚರಿಯ ಹಾಳೆಯಲ್ಲೇ ಕೂಗಿಬಿಡುತ್ತೇನೆ: ಕೆಂಪಲಕ್ಷ್ಮಮ್ಮನವರಿಂದ ಹತ್ತು ರೂಪಾಯಿ!