ಸಿಂಹಾಚಲಂ ಎಂದು ಕರೆದಾಗ

ಅಪ್ಪಾ,

ನೀನು ಹೋಗಿ ಮೂರು ತಿಂಗಳಾಯಿತು. ವಿಜಯವಾಡದ ನನ್ನ ಮನೆಗೆ ವಾಪಸ್ ಬಂದಿದ್ದೇನೆ. ಒಂದು ಮಾತು ನಿನಗೆ ಹೇಳಬೇಕು. ಯಾರಿಗೂ ಹೇಳಿಲ್ಲ, ಅವ್ವನಿಗೂ.

ನೆನಪಿದೆಯಾ, ನಾನು ಶಾಲೆಯಿಂದ ಅಳುತ್ತ ಬಂದ ದಿನ? ಧಾರವಾಡದವನಾಗಿ ಮಗಳಿಗೆ ವಿಶಾಖಪಟ್ಟಣದ ಬೆಟ್ಟದ ಹೆಸರು ಯಾಕಿಟ್ಟೆ ಎಂದು ರಂಪ ಮಾಡಿದ್ದೆ. ಕ್ಲಾಸಿನಲ್ಲಿ ಇಬ್ಬರು ಹುಡುಗರು ಸಿಂಹಾಚಲಂ, ಹಾಲು ಹಾಕುವವಳು ಸಿಂಹಾಚಲಂ, ನಿನ್ನನ್ನು ಪರವಾಡದ ಕೆಲಸಕ್ಕೆ ಒಯ್ಯುವ ಕಂಪನಿ ಬಸ್ಸಿನ ಡ್ರೈವರೂ ಸಿಂಹಾಚಲಂ! ನೀನು ನಕ್ಕೆ. "ಎರಡು ಕೂಸು ಕಳಕೊಂಡು ಆ ಗುಡ್ಡ ಹತ್ತಿ ಬೇಡ್ಕೊಂಡೀವಿ ತಂಗಿ. ವಿಶಾಖಪಟ್ಟಣದಾಗ ಹಂಗ ಹರಕೀಲೆ ಹುಟ್ಟಿದವರಿಗೆ ಅದ ಹೆಸರು, ಗಂಡಾಗ್ಲಿ ಹೆಣ್ಣಾಗ್ಲಿ. ಊರ ತುಂಬ ನಿನ್ನ ಒಡಹುಟ್ಟಿದವರ ಅನ್ಕೋ."

ಹದಿನೆಂಟು ತುಂಬಿದ್ದೇ ತಡ, ಹೆಸರು ಬದಲಿಸಿ ಸಂಜನಾ ಆದೆ. ಅಫಿಡವಿಟ್ ಮಾಡಿಸಲು ನೀನೇ ಜೊತೆಗೆ ಬಂದೆ. ಅಂದಿನಿಂದ ನಾನು ನಿನಗೆ ಬರೀ 'ತಂಗಿ'. ಹಳೇ ಹೆಸರೂ ಇಲ್ಲ, ಹೊಸದೂ ಇಲ್ಲ. ಅಷ್ಟೊಂದು ನೊಂದಿದ್ದೆಯಾ ಅಪ್ಪಾ? ನಾನು ಒಂದು ಸಲ ಕೇಳಬಹುದಿತ್ತು, ಕೇಳಲಿಲ್ಲ...

ಕೊನೆಯ ಆ ಬೆಳಿಗ್ಗೆ ಆಸ್ಪತ್ರೆಯ ಐಸಿಯು ಬಾಗಿಲು ತೆರೆದು ನರ್ಸ್ ಕೂಗಿದಳು, "ಸಿಂಹಾಚಲಂ ಎವರಂಡಿ? ಪೆದ್ದಾಯನ ಪಿಲುಸ್ತುನ್ನಾರು!" ಸಿಂಹಾಚಲಂ ಯಾರು, ಹಿರಿಯರು ಕರೆಯುತ್ತಿದ್ದಾರೆ ಎಂದು. ನಾನು ಎದುರಿನ ಬೆಂಚಿನಲ್ಲೇ ಕೂತಿದ್ದೆ. ಏಳಲಿಲ್ಲ. ಹನ್ನೆರಡು ವರ್ಷ ಯಾರೂ ಹಾಗೆ ಕರೆದಿರಲಿಲ್ಲವಲ್ಲ, ಬೇರೆ ಯಾರನ್ನೋ ಎಂದುಕೊಂಡೆ. ನೆಲ ಒರೆಸುತ್ತಿದ್ದ ಆಯಾ "ನೇನೇನಂಡಿ", ನಾನೇ ಸಿಂಹಾಚಲಂ ಎಂದು, ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದಳು. ಅವಳು ಹೊರಗೆ ಬರುವಷ್ಟರಲ್ಲಿ ನೀನು ಹೋಗಿಬಿಟ್ಟಿದ್ದೆ. ಅಯ್ಯೋ ಅಪ್ಪಾ, ಎಂಥ ಮಗಳು ನಾನು!

ಅವಳನ್ನು ಹಿಡಿದು ಕೇಳಿದೆ, ಅಪ್ಪ ಏನಂದರು? ಅವಳಿಗೆ ಕನ್ನಡ ಬಾರದು. ನೀನು ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡು 'ಊಟಾ, ಊಟಾ' ಎಂದೆಯಂತೆ. ಅರ್ಥವಾಗದೆ ಅವಳು ಹೂಂ ಎಂದು ತಲೆಯಾಡಿಸಿದಳಂತೆ. ದಿನಾ ಫೋನಿನಲ್ಲಿ ಕೇಳುತ್ತಿದ್ದೆಯಲ್ಲ, "ಊಟಾ ಆತೇನ ತಂಗಿ" ಎಂದು. ಅದನ್ನೇ ಕೇಳಿದೆ, ಅಲ್ಲವಾ?

ಹೋದ ವಾರ ನನಗೆ ಮಗಳು, ನಿನಗೆ ಮೊಮ್ಮಗಳು ಹುಟ್ಟಿದಳು. ತೊಟ್ಟಿಲಿಗೆ ಹಾಕುವಾಗ ನಿನ್ನ ಆಸೆಯ ಹೆಸರನ್ನೇ ಇಡೋಣ ಎಂದು ಅವ್ವ ಹಟ ಹಿಡಿದಿದ್ದಾಳೆ. ನಾನು ಒಪ್ಪಿಲ್ಲ, ಬೈಯಬೇಡ. ಅದು ನನ್ನ ಹೆಸರು ಅಪ್ಪಾ. ಒಂದು ಸಲ ಇನ್ನೊಬ್ಬಳಿಗೆ ಬಿಟ್ಟುಕೊಟ್ಟದ್ದು ಸಾಕು.