ಬಿಡಾರದಲ್ಲಿ ಬಿಟ್ಟ ಅಂಬಿಗ

ಪೊಜ್ನಾನ್
ನವೆಂಬರ್ 5, ಮಂಗಳವಾರ

ಪ್ರೀತಿಯ ಬೋಲೆಕ್,

ಬೇಸಿಗೆಯಲ್ಲಿ ನೀನು ಸೊಪೋಟ್‌ನಿಂದ ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ನೀನು ಫೋನ್ ಮಾಡಿದ್ದೂ ಗೊತ್ತು. ಬೇಕೆಂದೇ ಎತ್ತಲಿಲ್ಲ. ಅಷ್ಟು ವರ್ಷ ಸ್ಟುಡಿಯೋದಲ್ಲಿ ಗಾಜಿನ ಆಚೆ ಕೂತು ನನ್ನ ದನಿ ಮುದ್ರಿಸಿದವನು ನೀನು. ನಾನೊಂದು 'ಹಲೋ' ಅಂದರೆ ಸಾಕು, ನಿನಗೆ ಎಲ್ಲ ತಿಳಿದುಬಿಡುತ್ತದೆ. ಆ ಕಿವಿಗೆ ಹೆದರಿ ಪೆನ್ನು ಹಿಡಿದಿದ್ದೇನೆ. ರೆಗಿನಾ ಎದುರಿಗೇ ಕೂತು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಾಳೆ. ಸಕ್ಕರೆ ಕಾಯಿಲೆ ಅವಳ ಕಣ್ಣು ತಿಂದ ಮೇಲೆ ಅವಳ ಮುಂದೆ ಏನು ಬೇಕಾದರೂ ಬರೆಯಬಹುದು ನೋಡು. ಪಿಂಚಣಿಯವರಿಗೆ ಬರೆಯುತ್ತಿದ್ದೇನೆ ಎಂದು ಹೇಳಿದ್ದೇನೆ.

ಸುದ್ದಿಯನ್ನು ಮೊದಲೇ ಹೇಳಿ ಮುಗಿಸುತ್ತೇನೆ, ಸುತ್ತಿ ಬಳಸಿದರೆ ಧೈರ್ಯ ಕೈಕೊಡುತ್ತದೆ. ಗಂಟಲಲ್ಲಿ ಗಡ್ಡೆಯಾಗಿದೆ, ಒಳ್ಳೆಯ ಜಾತಿಯದಲ್ಲ. ಡಾಕ್ಟರ್ ಸೆಂಕೋವ್ಸ್ಕಿ ಮೆತ್ತಗೆ ಮಾತಾಡುವ ಮನುಷ್ಯ. "ಧ್ವನಿಪೆಟ್ಟಿಗೆ ಪೂರ್ತಿ ತೆಗೀಬೇಕಾಗುತ್ತೆ ಲುದ್ವಿಕ್ ಅವರೇ. ತೆಗೆದ್ರೆ ಇನ್ನೂ ಎಷ್ಟೋ ವರ್ಷ ಬದುಕ್ತೀರಿ. ಬಿಟ್ರೆ, ಮುಂದಿನ ಬೇಸಿಗೆ ಬಗ್ಗೆ ನಾನೇನೂ ಹೇಳೋಕಾಗಲ್ಲ" ಎಂದರು. "ದನಿ?" ಎಂದೆ. ಅವರು ಕನ್ನಡಕ ತೆಗೆದು ಒರೆಸತೊಡಗಿದರು. ಒರೆಸುವಂಥ ಕೊಳೆ ಅದರಲ್ಲಿ ಇರಲಿಲ್ಲ. ಒಪ್ಪಿಗೆಗೆ ಶುಕ್ರವಾರ ಸಹಿ ಹಾಕಬೇಕು, ಮುಂದಿನ ವಾರ ಕತ್ತಿ. ಸಂತ ಮಾರ್ಟಿನ್ ಹಬ್ಬದ ಗಸಗಸೆ ಹೂರಣದ ಬನ್ನು ತಿಂದೇ ಬನ್ನಿ ಎಂದು ಅಪ್ಪಣೆ ಕೊಟ್ಟಿದ್ದಾರೆ, ಪುಣ್ಯಾತ್ಮ.

ಧೈರ್ಯ ತುಂಬಲೆಂದು ಅಲ್ಲಿಯ ನರ್ಸು ಇದೇ ಆಪರೇಷನ್ ಆದ ಒಬ್ಬರನ್ನು ಪರಿಚಯ ಮಾಡಿಸಿದಳು. ಆತ ಸಣ್ಣದೊಂದು ಯಂತ್ರವನ್ನು ಗಲ್ಲದ ಕೆಳಗೆ ಒತ್ತಿ, "ಅಭ್ಯಾಸ ಆಗುತ್ತೆ" ಎಂದರು. ಡಬ್ಬಿಯೊಳಗೆ ಸಿಕ್ಕಿಬಿದ್ದ ಕಣಜದ ಹುಳು ಮಾತಾಡಿದಂತಿತ್ತು. ಕೈ ಕುಲುಕಿ ಹೊರಗೆ ಬಂದವನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಸಿದು ಕೂತೆ. ಇಗಾ ಜೊತೆಗಿದ್ದಳು. ನಮ್ಮ ಮೊಮ್ಮಗಳು ಈಗ ಕಾಲೇಜಿಗೆಂದು ನಮ್ಮಲ್ಲೇ ಇದ್ದಾಳೆ, ಗಡ್ಡೆಯ ವಿಷಯ ಗೊತ್ತಿರುವುದು ಅವಳೊಬ್ಬಳಿಗೇ. ರೆಗಿನಾಳ ಲೆಕ್ಕದಲ್ಲಿ ನನಗೆ ಬರೀ ಶೀತ. ಈರುಳ್ಳಿ ಹೆಚ್ಚಿ ಸಕ್ಕರೆ ಸುರಿದು ರಸ ಮಾಡಿ ದಿನಾ ಕುಡಿಸುತ್ತಾಳೆ. ನಾನೂ ಕುಡಿಯುತ್ತೇನೆ, "ಇವತ್ತು ಪರವಾಗಿಲ್ಲ" ಎನ್ನುತ್ತೇನೆ.

ಇಷ್ಟರ ನಡುವೆ ನಿನ್ನ ಗೆಳೆಯ ಹೆಸರುವಾಸಿಯಾಗಿದ್ದಾನೆ, ನಗಬೇಡ. ಹೋದ ವರ್ಷ ಇಲ್ಲಿಯ ಹುಡುಗರ ಒಂದು ಕಂಪನಿ ಕಂಪ್ಯೂಟರ್ ಆಟಕ್ಕೆ ದನಿ ಕೊಡಿ ಎಂದು ಕರೆದಿತ್ತು. ಕಥೆಯಿರುವ ಆಟ. ಆಡುವವರು ಒಂದು ತಂಡ ಕಟ್ಟಿಕೊಂಡು ಊರೂರು ಅಲೆಯುತ್ತಾರೆ. ತಂಡದಲ್ಲಿ ಒಬ್ಬಳು ಮಾಟಗಾತಿ, ಒಬ್ಬ ಕಳ್ಳ, ಮಠ ಬಿಟ್ಟು ಓಡಿಬಂದ ಒಬ್ಬ ಸನ್ಯಾಸಿ, ಮತ್ತೆ ನಾನು, ಗ್ರೋಮೆಕ್ ಎಂಬ ಮುದಿ ಅಂಬಿಗ. ಕಾದಾಟಕ್ಕೆ ಎಲ್ಲರನ್ನೂ ಕರೆದೊಯ್ಯುವಂತಿಲ್ಲ, ಯಾರನ್ನಾದರೂ ಬಿಡಾರದಲ್ಲಿ ಬಿಡಲೇಬೇಕು. ಸಂಜೆ ಬೆಂಕಿಯ ಸುತ್ತ ಕೂತಾಗ ಒಬ್ಬೊಬ್ಬರನ್ನೇ ಮಾತಾಡಿಸಬಹುದು.

ಅಲ್ಲಿ ನಾನು ಮಾಡಿದ್ದು ನಮ್ಮ ಕಸುಬಿನ ಎಡವಟ್ಟು. ಟಿವಿಯಲ್ಲಿ ಪರದೇಶದ ಸಿನಿಮಾ ಬಂದರೆ ನಾಯಕ, ನಾಯಕಿ, ಅವರ ಮಗು, ಅವರನ್ನು ಕೊಲ್ಲುವವನು, ಎಲ್ಲರ ಮಾತನ್ನೂ ಒಬ್ಬನೇ ಒಂದೇ ದನಿಯಲ್ಲಿ ಓದಿ ಬದುಕಿದವನು ನಾನು. ಅಳುವಂತಿಲ್ಲ, ನಗುವಂತಿಲ್ಲ. ನಟರು ಅಳುವುದು ಹಿಂದೆ ಕೇಳುತ್ತಲೇ ಇರುತ್ತದೆ, ನಾವು ಅರ್ಥ ಹೇಳಿ ಪಕ್ಕಕ್ಕೆ ಸರಿಯಬೇಕು. ಎಲ್ಲಾದರೂ ದನಿ ನಡುಗಿದರೆ ನೀನೇ ಗಾಜು ತಟ್ಟಿ, "ಇನ್ನೊಂದ್ಸಲ, ಕಲ್ಲಿನ ಥರ ಓದು" ಎನ್ನುತ್ತಿದ್ದೆಯಲ್ಲ. ಗ್ರೋಮೆಕ್‌ನನ್ನೂ ಕಲ್ಲಿನ ಥರವೇ ಓದಿ ಬಂದೆ. ಇಲ್ಲಿ ಹಿಂದೆ ಅಳುವವರು ಬೇರೆ ಯಾರೂ ಇಲ್ಲ ಎನ್ನುವುದು ತಲೆಗೆ ಹೊಳೆಯಲೇ ಇಲ್ಲ.

ಆಟ ಸೆಪ್ಟೆಂಬರಿನಲ್ಲಿ ಬಿಡುಗಡೆಯಾಯಿತು. ಆಡಿದವರೆಲ್ಲ ತಮ್ಮ ಅಭಿಪ್ರಾಯ ಬರೆದು ಹಾಕುತ್ತಾರಂತೆ, ಇಗಾ ಊಟದ ಹೊತ್ತಿಗೆ ಅವನ್ನು ಓದುತ್ತಾಳೆ. ಒಬ್ಬ ಬರೆದಿದ್ದ: "ಈ ಅಜ್ಜ ಸಾಯೋವಾಗ್ಲೂ ಹವಾಮಾನ ವರದಿ ಓದ್ದಂಗೆ ಓದ್ತಾನೆ." ಇನ್ನೊಬ್ಬಳು: "ಕಥೆಗೆ ಹತ್ತಕ್ಕೆ ಹತ್ತು, ಗ್ರೋಮೆಕ್‌ಗೆ ಸೊನ್ನೆ. ಇವನಿಗೆ ಯಾರಾದ್ರೂ ಒಂದ್ಲೋಟ ಕಾಫಿ ಕೊಡ್ರಪ್ಪ." ರೆಗಿನಾ ಚಮಚ ಕೆಳಗಿಟ್ಟು ನಕ್ಕಿದ್ದೇ ನಕ್ಕಿದ್ದು. "ಅವ್ರೇನ್ ಸುಳ್ಳು ಹೇಳ್ತಿದಾರಾ? ನನ್ನ ಮದುವೆ ಆಗ್ತೀಯಾ ಅಂತ ಕೇಳಿದ್ದೂ ಹಿಂಗೇನೆ. ರೈಲು ತಡ ಆಗಿದೆ ಅಂತ ಹೇಳ್ತಿದಾನೇನೋ ಅನ್ಕೊಂಡೆ ನಾನು." ಆದರೆ ಒಬ್ಬ ಹುಡುಗ, ಎಲ್ಲಿಯವನೋ ಏನೋ, ಹೀಗೂ ಬರೆದಿದ್ದ: "ಚಿಕ್ಕೋನಿದ್ದಾಗ ಜ್ವರ ಬಂದು ಮಲಗಿದ್ರೆ ಪಕ್ಕದ ರೂಮಿನ ಟಿವಿಯಿಂದ ಈ ದನಿ ಕೇಳ್ತಿತ್ತು. ಮನೇಲಿ ದೊಡ್ಡೋರು ಎಚ್ಚರ ಇದಾರೆ ಅಂತ ಧೈರ್ಯ ಆಗ್ತಿತ್ತು. ಗ್ರೋಮೆಕ್ ನನ್ನ ತಂಡದಲ್ಲಿದ್ರೆ ನಂಗೆ ಗವೀಲಿ ಹೆದರಿಕೆ ಆಗಲ್ಲ." ಅದನ್ನು ಕೇಳಿ ನಾನು ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ.

ರೆಗಿನಾಗೂ ಈ ಆಟದ ಹುಚ್ಚು ಹಿಡಿದಿದೆ. ಇಗಾ ಟಿವಿಗೆ ಜೋಡಿಸಿ ಆಡುತ್ತಾಳೆ, ಇವಳು ಕೇಳುತ್ತಾ ಕೂತು ಸೇನಾಪತಿಯ ಹಾಗೆ ಅಪ್ಪಣೆ ಕೊಡುತ್ತಾಳೆ. "ಆ ಕಳ್ಳನ್ನ ಮುಂದೆ ಕಳ್ಸು, ಬಾಗ್ಲು ನೋಡ್ಲಿ. ಮಾಟಗಾತೀನ ನಂಬ್ಬೇಡ ಕಣೇ, ಮೂಗಲ್ಲಿ ಮಾತಾಡೋರು ಯಾವತ್ತೂ ಒಳ್ಳೇವ್ರಲ್ಲ." ಯಾರು ಎಲ್ಲಿ ನಿಂತಿದ್ದಾರೆ ಎಂದು ದನಿಯಿಂದಲೇ ಹೇಳುತ್ತಾಳೆ, ಒಮ್ಮೆಯೂ ತಪ್ಪಿಲ್ಲ.

ಜನರ ದೊಡ್ಡ ಜಗಳವೆಲ್ಲ ಮೂರನೆಯ ಭಾಗದ ಸೇತುವೆಯದು. ಗ್ರೋಮೆಕ್‌ನನ್ನು ಅಲ್ಲಿಗೆ ಕರೆದೊಯ್ದರೆ ಬೆನ್ನಟ್ಟಿ ಬಂದವರು ದಾಟದಂತೆ ಅವನು ಹಿಂದೆ ಉಳಿದು ಸೇತುವೆಯ ಹಗ್ಗ ಕಡಿಯುತ್ತಾನೆ. ತಂಡ ಪಾರಾಗುತ್ತದೆ, ಅವನು ಸಾಯುತ್ತಾನೆ. ಬಿಡಾರದಲ್ಲೇ ಬಿಟ್ಟು ಹೋದರೆ ತಂಡ ಹೇಗೋ ಕಾದಾಡಿ ದಾಟುತ್ತದೆ, ಅವನೂ ಬದುಕುತ್ತಾನೆ. ಆದರೆ ಬದುಕಿದವನಿಗೆಂದು ಕಂಪನಿಯವರು ಒಂದು ಮಾತನ್ನೂ ಬರೆಸಿಲ್ಲ, ಆಟ ಮುಗಿಯುವ ತನಕ ಬೆಂಕಿಯ ಮುಂದೆ ಸುಮ್ಮನೆ ಕೂತಿರುತ್ತಾನೆ. "ಕರ್ಕೊಂಡು ಹೋಗಿ, ಆ ಸಾವು ನೋಡದಿದ್ರೆ ಆಟ ಆಡಿದ್ದೇ ದಂಡ" ಎಂದು ಕೆಲವರು. "ಕರುಳಿಲ್ವಾ ನಿಮಗೆ, ಮುದುಕನ್ನ ಬಿಟ್ಟು ಹೋಗ್ರೋ" ಎಂದು ಕೆಲವರು. ಅದಕ್ಕೆ ಯಾರೋ ಉತ್ತರ ಕೊಟ್ಟಿದ್ದರು: "ಬಾಯಿಲ್ಲದ ಗ್ರೋಮೆಕ್ ಇದ್ರೆಷ್ಟು, ಬಿಟ್ರೆಷ್ಟು?" ಇಗಾ ಅದನ್ನು ಅರ್ಧ ಓದಿ ನಿಲ್ಲಿಸಿ ನನ್ನ ಮುಖ ನೋಡಿದಳು. ನಾನು ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಾ ಇದ್ದೆ. ಹಚ್ಚಿದ ಮೇಲೆಯೇ ಮತ್ತೆ ಹಚ್ಚುತ್ತಿದ್ದೆನಂತೆ.

ಹೋದ ವಾರ ಕಂಪನಿಯಿಂದ ಕಲಿನಾ ಫೋನ್ ಮಾಡಿದಳು. ದನಿಗಳ ಉಸ್ತುವಾರಿ ಅವಳದೇ, ಒಳ್ಳೆಯ ಹುಡುಗಿ. ಸೇತುವೆಯ ಮಾತು ಸಪ್ಪೆಯಾಯಿತೆಂದು ದೂರು ಬಹಳ ಬಂದಿದೆ, ಕ್ರಿಸ್‌ಮಸ್ಸಿಗೆ ಮುಂಚೆ ಸರಿಪಡಿಸೋಣ ಎಂದಳು. ಹೋದೆ. ಇರುವುದು ಇಷ್ಟೇ ಮಾತು: "ನೀವು ಹೋಗ್ರಿ ಮಕ್ಕಳಾ. ನಾನು ಈ ಕಡೇನೇ ಇರ್ತೀನಿ." ಹೆಡ್‌ಫೋನ್ ಹಾಕಿದೊಡನೆ ನನ್ನ ಉಸಿರು ನನಗೇ ಕೇಳಿಸಿತು ಬೋಲೆಕ್. ಒಳಗೆ ಏನೋ ಕೆರೆಯುತ್ತಿತ್ತು. ಆ ಗಡ್ಡೆಯನ್ನು ಅಷ್ಟು ಹತ್ತಿರದಿಂದ ನಾನು ಕೇಳಿರಲಿಲ್ಲ. 'ಇರ್ತೀನಿ' ಅನ್ನುವಾಗ ದನಿ ಒಡೆದು ಎರಡಾಯಿತು. ಕ್ಷಮೆ ಕೇಳಬೇಕೆಂದು ತಲೆಯೆತ್ತಿದರೆ ಗಾಜಿನ ಆಚೆ ಕಲಿನಾ ಕಣ್ಣೊರೆಸಿಕೊಳ್ಳುತ್ತಿದ್ದಳು. "ಅಯ್ಯೋ ಲುದ್ವಿಕ್ ಅವರೇ, ಇದೇ ಬೇಕಾಗಿತ್ತು! ಇಷ್ಟು ದಿನ ಇದನ್ನ ಎಲ್ಲಿ ಬಚ್ಚಿಟ್ಟಿದ್ರಿ?" ನಾನು ನಟಿಸಿರಲಿಲ್ಲ. ಹೆದರಿದ್ದೆ, ಅಷ್ಟೆ. ಮುಂದಿನ ಆಟಕ್ಕೂ ಕರೀತೀವಿ ಎಂದಳು. ಆಗಲಮ್ಮ ಎಂದು ಕೋಟು ಹಾಕಿಕೊಂಡು ಬಂದೆ.

ಹೆದರಿಕೆ ಎಂದರೆ ಎಂಥದ್ದು ಎಂದು ಕೇಳುತ್ತೀಯ. ಹಗಲಲ್ಲಿ ಕತ್ತಿಯದು, ಕತ್ತಿನಲ್ಲಿ ಉಳಿಯುವ ತೂತಿನದು. ಆದರೆ ಮೊನ್ನೆ ಸರ್ವಸಂತರ ದಿನ ಸಮಾಧಿಗಳಿಗೆ ದೀಪ ಹಚ್ಚಲು ಹೋಗಿದ್ದೆವು. ರೆಗಿನಾ ನನ್ನ ತೋಳು ಹಿಡಿಯುವುದಿಲ್ಲ, ನಿನಗೆ ಗೊತ್ತಲ್ಲ ಅವಳ ಜಂಬ. ನಾನು ಹೇಳುತ್ತಾ ಹೋಗಬೇಕು, ಅವಳು ನಡೆಯಬೇಕು. "ಎಲೆ ಬಿದ್ದಿದೆ, ಜಾರುತ್ತೆ. ಈಗ ಮೆಟ್ಟಿಲು. ಬಲಕ್ಕೆ ತಿರುಗು, ನಿಮ್ಮಮ್ಮನ ಸಮಾಧಿ ಬಂತು." ಅಷ್ಟು ಜನರ ನಡುವೆ ನನ್ನ ದನಿ ಹಿಡಿದುಕೊಂಡು ನೆಟ್ಟಗೆ ನಡೆದು ಬಂದಳು. ನಾನು ಎರಡೇ ಎರಡು ಉಸಿರು ಸುಮ್ಮನಾದೆ, ಪರೀಕ್ಷೆಗೆಂದು. ಅವಳು ನಿಂತಲ್ಲೇ ನಿಂತು ಎರಡೂ ಕೈ ಮುಂದೆ ಚಾಚಿದಳು. "ಲುದ್ವಿಕ್? ಎಲ್ಲಿದೀಯಾ?" ಎಂದಳು. ಇಲ್ಲೇ ಇದ್ದೀನಿ, ಇಲ್ಲೇ ಇದ್ದೀನಿ ಎಂದು ಮನೆ ಮುಟ್ಟುವವರೆಗೂ ವಟಗುಟ್ಟುತ್ತಲೇ ಬಂದೆ.

ಸಾಕು. ಸಿಪ್ಪೆ ತೆಗೆದು ಮುಗಿಯಿತು, ಇನ್ನು ನೆಂಚಿಕೊಳ್ಳುವ ಗಟ್ಟಿ ಮೊಸರಿಗೆ ಈರುಳ್ಳಿ ಹೆಚ್ಚಿಕೊಡು ಎನ್ನುತ್ತಾಳೆ. ನಿನ್ನ ಮೊಣಕಾಲು ಹೇಗಿದೆ? ಸಮುದ್ರದ ಗಾಳಿಯಲ್ಲಿ ಟೋಪಿ ಇಲ್ಲದೆ ತಿರುಗಬೇಡ. ನಿನ್ನ ಮನೆಯವಳಿಗೆ ನನ್ನ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ಈ ಚಳಿಗಾಲ ನಿಮ್ಮ ಮನೆಯ ಮೇಲೆ ಮೆತ್ತಗೆ ಹಾದುಹೋಗಲಿ. ಆ ಕಿವಿಗಳು ನೂರು ವರ್ಷ ಚೆನ್ನಾಗಿರಲಿ.

ನಿನ್ನ
ಲುದ್ವಿಕ್

ಮರೆತ ಮಾತು: ಮರೆತಿರಲಿಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನಿನ್ನೆ ಸಂಜೆ ಆಟ ಸೇತುವೆಯ ಹತ್ತಿರ ಬಂತು. ಗ್ರೋಮೆಕ್‌ನನ್ನು ಬಿಡಾರದಲ್ಲೇ ಬಿಡು ಎಂದು ಇಗಾಳಿಗೆ ಗುಟ್ಟಾಗಿ ಹೇಳಿದ್ದೆ. ರೆಗಿನಾ ಏನೆನ್ನುತ್ತಾಳೋ ನೋಡಬೇಕಿತ್ತು. ತಂಡ ಸೇತುವೆ ದಾಟಿ ಹಿಂದಿರುಗಿತು, ಎಲ್ಲರೂ ಬೆಂಕಿಯ ಸುತ್ತ ಕೂತರು. ಇವಳು ಕಾದಳು, ಕಾದಳು.

"ನಮ್ಮ ಮುದುಕ ಎಲ್ಲೇ?"

"ಇಲ್ಲೇ ಇದಾನೆ ಅಜ್ಜಿ, ಬೆಂಕಿ ಹತ್ರ. ಚೆನ್ನಾಗಿದಾನೆ."

"ಮಾತಾಡ್ಸು ಮತ್ತೆ."

"ಮಾತಾಡಲ್ಲ ಅಜ್ಜಿ ಇನ್ಮೇಲೆ. ತಲೆ ಆಡಿಸ್ತಾನೆ, ಅಷ್ಟೆ."

ರೆಗಿನಾ ಟಿವಿಯ ಕಡೆ ಬಾಗಿ ಕಿವಿಗೊಟ್ಟಳು. ಆಮೇಲೆ ಹೇಳಿದಳು: "ತಲೆ ಆಡಿಸಿದ್ರೆ ನಂಗೇನೇ ಪ್ರಯೋಜನ? ಅವನು ಇದಾನೋ ಇಲ್ವೋ ನಂಗ್ಹೇಗೆ ಗೊತ್ತಾಗ್ಬೇಕು? ಬೇಡ ಕಣೇ, ಹಿಂದೆ ಹೋಗಿ ಮತ್ತೆ ಆಡು. ಸೇತುವೆಗೆ ಕರ್ಕೊಂಡು ಹೋಗು. ಸತ್ರೆ ಸಾಯ್ಲಿ, ಮಾತಾಡಿ ಸಾಯ್ಲಿ."

ಹೇಳಿ, ನಕ್ಕು, ಚಹಾಕ್ಕೆ ನೀರಿಡು ಎಂದು ನನ್ನ ಕಡೆ ತಿರುಗಿದಳು. ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ.

ಶುಕ್ರವಾರ ಸಹಿ ಹಾಕಬೇಕು ಬೋಲೆಕ್. ನಾನು ಯಾರನ್ನು ಕೇಳಲಿ?