ಮೆಟ್ಟಿಲು ಹತ್ತುವ ಸೈಕಲ್

ಅಪ್ಪೀ,

ನಾನು ಮೊದಲ ಬಸ್ಸಿಗೆ ಪುತ್ತೂರಿಗೆ ಹೊರಟೆ. ಹತ್ತು ಗಂಟೆಗೆ ಅಪ್ಪನ ಜೊತೆ ಕಿಟ್ಟಣ್ಣನ ಅಂಗಡಿಗೆ ಹೋಗಿ ನಿನ್ನ ಸೈಕಲ್ ತಾ. ನಾನು ಹಟ ಹಿಡಿದು ಆರಿಸಿಟ್ಟ, ಡೈನಮೋ ಮತ್ತು ದೊಡ್ಡ ಕ್ಯಾರಿಯರ್ ಇರುವ ಆ ಕರಿ ಸೈಕಲ್ ಬೇಡ.

ನಿನ್ನೆ ಅಂಥದ್ದೇ ಒಂದನ್ನು ಬಾಡಿಗೆಗೆ ಪಡೆದು ನಿನ್ನ ಕಾಲೇಜಿನ ಗುಡ್ಡದಲ್ಲಿ ಓಡಿಸಿ ನೋಡಿದೆ. ಲೈಬ್ರರಿಯಿಂದ ಲ್ಯಾಬಿಗೆ ರಾಜನ ಹಾಗೆ ಇಳಿದೆ. ಆ ಇಳಿಜಾರನ್ನು ತುಳಿದು ಹತ್ತಲಾಗದು, ವಾಪಸು ಬರುವ ಇನ್ನೊಂದು ರಸ್ತೆ ಗುಡ್ಡವನ್ನೇ ಸುತ್ತುತ್ತದೆ. ಮುಂದಿನ ಪಾಠ ತಪ್ಪಬಾರದೆಂದರೆ ಮುರಕಲ್ಲಿನ ಎಪ್ಪತ್ತು ಮೆಟ್ಟಿಲು ಹತ್ತಲೇಬೇಕು. ಮೂವತ್ತನೆಯದರಲ್ಲಿ ಸೈಕಲನ್ನು ತಬ್ಬಿಕೊಂಡು ಕುಳಿತುಬಿಟ್ಟೆ.

ಆಗ ಕೆಳಗಿನಿಂದ ಲ್ಯಾಬಿನ ಅಟೆಂಡರ್ ಪಂಕಜಾಕ್ಷಿಯಮ್ಮ ಬಂದರು. ಐವತ್ತು ದಾಟಿದವರು. ಹೆಗಲ ಮೇಲೆ ಅವರ ಸೈಕಲ್, ಒಂದು ಕೈಯಲ್ಲಿ ಸೀರೆಯ ನೆರಿಗೆ, ಬಾಯಲ್ಲಿ ಎಲೆಅಡಿಕೆ.

“ಎಂತ ಮಾರಾಯ, ಕೂತದ್ದು? ಎತ್ತಿ ನೋಡದೆ ಸೈಕಲ್ ತೆಗೊಳ್ಳುದಾ?”

ಕೇಳಿದವರು ನಿಲ್ಲಲಿಲ್ಲ, ಉಸಿರೂ ಏರಲಿಲ್ಲ. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಲೇ ಇದ್ದೆ. ಕೊನೆಗೆ ಮೆಟ್ಟಿಲ ತುದಿಯಲ್ಲಿ, ಆಕಾಶದ ಎದುರು, ಚಕ್ರವೊಂದೇ ತನ್ನಷ್ಟಕ್ಕೆ ತಿರುಗುತ್ತಿರುವುದು ಕಾಣಿಸಿತು. ಅದು ಮರೆಯಾದ ಮೇಲೂ ಏಳಲು ಮನಸ್ಸಾಗಲಿಲ್ಲ.

ಮೊನ್ನೆ ಅಂಗಡಿಯಲ್ಲಿ ನೀನು ಒಂದೇ ಕೈಯಲ್ಲಿ ಎತ್ತಿದೆಯಲ್ಲ, ಆ ಹಸಿರು ಸೈಕಲನ್ನೇ ತಾ. ಕ್ಯಾರಿಯರ್ ಚಿಕ್ಕದಾದರೂ ಪುಸ್ತಕಕ್ಕೆ ಸಾಕು. ಎರಡೂ ಬ್ರೇಕ್ ಸರಿಯಾಗಿ ಹಿಡಿಯುತ್ತವೆಯೇ ನೋಡು, ಆ ಇಳಿಜಾರು ಜೋರುಂಟು. ಅಪ್ಪ ಒಪ್ಪದಿದ್ದರೆ ಈ ಚೀಟಿ ತೋರಿಸು.

ಹಣ ಕೊಡುವ ಮೊದಲು ಒಮ್ಮೆ ಹೆಗಲಿಗೂ ಇಟ್ಟು ನೋಡು. ಕಿಟ್ಟಣ್ಣ ನಕ್ಕರೆ ನಗಲಿ. ಮೊನ್ನೆ ನಾನೂ ನಕ್ಕಿದ್ದೆನಲ್ಲ.

ಅಣ್ಣ